ನಾನು ಕಟ್ಟಿದ ಕ್ಲೈಮ್ಯಾಕ್ಸು

ಈ ಸಂಗತಿಯನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಸುಮ್ಮನೆ ಒಮ್ಮೆ ಕೆಮ್ಮಿ, ಬೇರೆ ಮಾತಿಗೆ ಜಾರಿಕೊಂಡಿದ್ದೇನೆ. ಮಾಡಿದ್ದು ಸ್ವಲ್ಪ ದೊಡ್ಡ ತಪ್ಪಾಗಿದ್ದರೆ ಹೇಳಿಕೊಳ್ಳುವುದಕ್ಕೆ ಒಂದು ಘನತೆಯಾದರೂ ಇರುತ್ತಿತ್ತು. ಸಿನಿಮಾ ನೋಡಲು ಹೋಗಿ ನಿದ್ದೆ ಮಾಡಿದೆ, ಎದ್ದು ಬಂದು ಅದರ ಬಗ್ಗೆ ಅಭಿಪ್ರಾಯ ಕೊಟ್ಟೆ ಎಂದರೆ ಯಾರಾದರೂ ನಗುತ್ತಾರೆ. ಆದರೆ ಆ ಅಭಿಪ್ರಾಯದಿಂದಲೇ ನಮ್ಮ ಶಿಡ್ಲಘಟ್ಟದ ಒಂದು ಟಾಕೀಸು ಮುಚ್ಚಿತು, ಒಬ್ಬನ ಅನ್ನ ಹೋಯಿತು ಎಂದು ನಂಬಿಕೊಂಡು ನಾನು ವರ್ಷಗಟ್ಟಲೆ ತಲೆ ತಗ್ಗಿಸಿ ಓಡಾಡಿದ್ದೇನೆ. ನಗುವವರು ಅದನ್ನೂ ಸ್ವಲ್ಪ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿ ರೇಷ್ಮೆ ಹುಳು ಸಾಕುವುದಕ್ಕೆ ನಿಂತ ನನಗೆ ಊರಿನಲ್ಲಿ ಒಂದೇ ಒಂದು ಹೆಸರಿತ್ತು. ಹೊಸ ಸಿನಿಮಾ ಯಾವುದೇ ಬರಲಿ, ಶುಕ್ರವಾರದ ಮೊದಲ ಆಟಕ್ಕೆ ನಾನು ಇರಲೇಬೇಕು. ಪತ್ರಿಕೆಯಲ್ಲಿ ಬರುವ ವಿಮರ್ಶೆಯನ್ನು ನಮ್ಮವರು ಓದುತ್ತಿರಲಿಲ್ಲ. ಮುಂದಿನ ಆಟಕ್ಕೆ ಸಾಲಿನಲ್ಲಿ ನಿಂತವರು ಹೊರಗೆ ಬರುವವರ ಮುಖ ನೋಡಿ "ಹೆಂಗೈತೆ?" ಎಂದು ಕೇಳುವುದು, ಉತ್ತರ ಸರಿಬರದಿದ್ದರೆ ಸಾಲು ಬಿಟ್ಟು ಮನೆಗೆ ಹೋಗುವುದು ರೂಢಿ. ನಾನು ಗೇಟಿನ ಪಕ್ಕ ನಿಂತು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಕೇಳಿದವರಿಗೂ ಕೇಳದವರಿಗೂ ತೀರ್ಪು ಕೊಡುತ್ತಿದ್ದೆ. ಜಡ್ಜ್ ಸಾಹೇಬರಿಗಾದರೂ ಮೇಲಿನ ಕೋರ್ಟು ಇರುತ್ತದೆ. ನನ್ನ ಮೇಲೆ ಯಾರೂ ಇಲ್ಲ ಎಂದು ನಾನು ತಿಳಿದಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮನೆಮನೆಗೆ ಸಿ.ಡಿ. ಬಂದು ಟಾಕೀಸಿನಲ್ಲಿ ಜನಕ್ಕಿಂತ ಪಾರಿವಾಳಗಳೇ ಹೆಚ್ಚಾದವು. ಆಗ ಬಂದದ್ದು ಈ ಚಿತ್ರ. ಮೂಲ ಇಂಗ್ಲಿಷು, ಮಾತು ತೆಲುಗಿನದು. ಜಗಳವನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ನಮ್ಮ ಕಡೆಯವರಿಗೆ ಅದೇನೂ ತೊಂದರೆಯಲ್ಲ. ಮಾಟಗಾತಿ ಎತ್ತಿಕೊಂಡು ಹೋದ ತಮ್ಮನನ್ನು ಹುಡುಕುತ್ತ ಅಕ್ಕನೊಬ್ಬಳು ಕಾಡು, ರಾಕ್ಷಸ, ಮಾತಾಡುವ ಕನ್ನಡಿ ಎಲ್ಲವನ್ನೂ ದಾಟಿಹೋಗುವ ಅಜ್ಜಿ ಕತೆಯಂಥ ಕತೆ. ಟಾಕೀಸಿನ ಆಪರೇಟರ್ ಮುನಿರಾಜು ನಮ್ಮ ಬೀದಿಯವನೇ. ಹಿಂದಿನ ದಿನ ಟೀ ಅಂಗಡಿಯಲ್ಲಿ ಸಿಕ್ಕಿ ಹೇಳಿದ್ದ: "ಅಣ್ಣ, ಇದು ಓಡಿದ್ರೆ ನಾನ್ ಉಳ್ಕೊಂಡೆ. ಇಲ್ಲಾಂದ್ರೆ ಸಾಹುಕಾರ್ರು ಟಾಕೀಸ್‌ನ ಮದ್ವೆ ಛತ್ರ ಮಾಡ್ತಾರಂತೆ. ಛತ್ರದಾಗೆ ಆಪರೇಟರ್‌ಗೇನ್ ಕೆಲ್ಸ ಹೇಳಿ. ಸಾಂಬಾರ್ ಬಕೆಟ್ ಹಿಡ್ಕೊಂಡು ಓಡಾಡ್ಬೇಕು ಅಷ್ಟೆ."

"ನಾನಿದ್ದೀನಿ, ನೀನ್ ಹೆದರ್ಬೇಡ" ಎಂದೆ.

ಆ ಶುಕ್ರವಾರವೇ ನಮ್ಮ ಮನೆಯ ಹುಳು ಹಣ್ಣಾಗಬೇಕೇ. ಹುಳು ಸಾಕಿದವರಿಗೆ ಈ ಕಷ್ಟ ಗೊತ್ತು. ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ತಲೆಯೆತ್ತಿ ಆಡಿಸುವ ಹುಳುಗಳನ್ನು ಆ ಕ್ಷಣವೇ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಅದಕ್ಕೆ ಹಗಲಿಲ್ಲ, ರಾತ್ರಿಯಿಲ್ಲ. ಕಣ್ಣು ಉರಿಯುತ್ತಿದ್ದ ನನ್ನನ್ನು ನೋಡಿ ಹೆಂಡತಿಯೇ, "ಹೋಗ್ಬನ್ನಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ. ಇಲ್ಲಾಂದ್ರೆ ಇಡೀ ದಿನ ಮುಖ ಊದಿಸ್ಕೊಂಡಿರ್ತೀರ" ಎಂದು ಕಳಿಸಿದಳು.

ಅರ್ಧದವರೆಗೆ ನೋಡಿದ್ದು ಖಂಡಿತ. ಇಂಟರ್ವಲ್ಲಿನಲ್ಲಿ ಬಿಸಿ ಬೋಂಡ ತಿಂದೆ. ಮತ್ತೆ ದೀಪ ಆರಿದಾಗ ಫ್ಯಾನಿನ ಗಾಳಿ ಹಿತವಾಗಿ ಬೀಸುತ್ತಿತ್ತು. ಕುರ್ಚಿಗಳು ಪಟಪಟನೆ ಮಡಚಿಕೊಳ್ಳುವ ಸದ್ದಿಗೆ ಎಚ್ಚರವಾದಾಗ ಬೆಳ್ಳಿತೆರೆ ಬರೀ ಬಟ್ಟೆಯಾಗಿತ್ತು.

ಜನರ ಜೊತೆ ಹೊರಬಂದೆ. ಗೇಟಿನಲ್ಲಿ ಆಗಲೇ ಅಭಿಪ್ರಾಯಗಳ ಸಂತೆ. ನೂಲು ತೆಗೆಸುವ ರಫೀಕ್ ಸಾಬರು ಮಾಟಗಾತಿಯ ಚಿನ್ನದ ದಾರಕ್ಕೇ ಮನಸೋತಿದ್ದರು: "ಏನ್ ಎಳೆ ಸ್ವಾಮಿ ಅದು. ಬೆಟ್ಟದ ಮೇಲಿಂದ ಕೆಳಗಿನ್ ತನಕ ಎಲ್ಲೂ ತುಂಡಾಗ್ಲಿಲ್ಲ. ಆ ಮುದುಕಿ ನಮ್ ಕಡೆ ಕೆಲ್ಸಕ್ಕೆ ಬಂದ್ರೆ ಡಬಲ್ ಕೂಲಿ ಕೊಡ್ತೀನಿ." ರಿಟೈರಾದ ಮೇಷ್ಟರೊಬ್ಬರಿಗೆ ರಾಕ್ಷಸನ ಮೇಲೆ ಕೋಪ: "ಒಂದೇ ಗುಟುಕಿಗೆ ಬಾವಿ ಪೂರಾ ಖಾಲಿ ಮಾಡ್ದ. ಅವನ್ನ ನಮ್ಮ ತಾಲ್ಲೂಕಿಗೆ ಮಾತ್ರ ಬಿಡ್ಬೇಡಿ, ಇರೋ ಬೋರ್‌ವೆಲ್ಲೂ ಹೋಗುತ್ತೆ." ಚಿಂತಾಮಣಿಯಿಂದ ಮಗಳ ಮನೆಗೆ ಬಂದಿದ್ದ ಹೆಂಗಸು, ಇದು ತನ್ನ ಅವ್ವ ಹೇಳುತ್ತಿದ್ದ ಕತೆಯೇ, ಇಂಗ್ಲಿಷಿನವರು ಕದ್ದು ದುಡ್ಡು ಮಾಡಿಕೊಂಡಿದ್ದಾರೆ ಎಂದು ತೆಲುಗಿನಲ್ಲಿ ಬೈಯುತ್ತ, ಕಣ್ಣೊರೆಸಿಕೊಳ್ಳುತ್ತ ಹೋದಳು. ಒಟ್ಟಿನಲ್ಲಿ ಎಲ್ಲರಿಗೂ ಖುಷಿ.

ಅಷ್ಟರಲ್ಲಿ ಸಾಲಿನಿಂದ ಯಾರೋ, "ಅವ್ರ್ ಮಾತ್ ಬಿಡಿ. ಅಣ್ಣ, ನೀವ್ ಹೇಳಿ, ಕೊನೇಲೇನಾಗುತ್ತೆ?" ಎಂದರು.

ನಿದ್ದೆ ಹೋಗಿದ್ದೆ ಎಂದು ಹೇಳಬಹುದಿತ್ತು. ಎಲ್ಲರಂತೆ ಚೆನ್ನಾಗಿದೆ ಎಂದರೂ ನಡೆಯುತ್ತಿತ್ತು. ಆದರೆ ಎಲ್ಲರೂ ಹೇಳಿದ್ದನ್ನೇ ಹೇಳುವುದಕ್ಕೆ ನಾನೇಕೆ ಬೇಕು? ನಿದ್ದೆಯಲ್ಲಿ ಏನೇನೋ ಕಂಡಿದ್ದೆನಲ್ಲ, ಅದನ್ನೇ ಸ್ವಲ್ಪ ತಿದ್ದಿ, ಗಂಟಲು ಸರಿಮಾಡಿಕೊಂಡು ಹೇಳಿದೆ: "ಮೊದಲರ್ಧ ಪರವಾಗಿಲ್ಲ. ಕೊನೇಲಿ ಕೆಡಿಸ್ಬಿಟ್ಟವ್ರೆ. ಆ ಹುಡುಗಿ ತಮ್ಮನ್ನ ಬಿಡ್ಸಕ್ಕೆ ಹೋಗಿ ತಾನೇ ಕಲ್ಲಾಗ್ಬಿಡ್ತಾಳೆ. ಮಕ್ಕಳು ನೋಡಿದ್ರೆ ಜ್ವರ ಬರಿಸ್ಕೋತವೆ."

ಸಾಲಿನಲ್ಲಿ ನಾಲ್ಕಾರು ಜನ "ಅಯ್ಯೋ" ಎಂದರು. ಆ ಅಯ್ಯೋ ನನಗೆ ಎಷ್ಟು ರುಚಿಸಿತೆಂದರೆ, ಮನೆಗೆ ಹೋಗಿಯೂ ಅದೇ ಕತೆಯನ್ನು ಇನ್ನಷ್ಟು ಬೆಳೆಸಿ ಹೇಳಿದೆ.

ಚಿತ್ರ ಒಂದು ವಾರವೂ ನಿಲ್ಲಲಿಲ್ಲ. ಮುಂಗಾರು ಬರುವ ಹೊತ್ತಿಗೆ ಟಾಕೀಸಿನ ಕುರ್ಚಿಗಳನ್ನು ಕಿತ್ತು ಲಾರಿಗೆ ಹಾಕಿದರು. ಮುನಿರಾಜು ಸಂಸಾರ ಕಟ್ಟಿಕೊಂಡು ಚಿಂತಾಮಣಿಗೆ ಹೋದ. ಹೋಗುವ ದಿನ ಅವನು ನಮ್ಮ ಬಾಗಿಲಿಗೆ ಬಂದರೆ ನಾನು ಹಿತ್ತಲಲ್ಲಿ ಇಲ್ಲದ ಕೆಲಸ ಹುಡುಕಿಕೊಂಡೆ. ಆಮೇಲೆ ಆ ಛತ್ರದಲ್ಲಿ ಎಷ್ಟೋ ಮದುವೆ ಊಟ ಮಾಡಿದೆ. ಪ್ರತಿ ಸಲವೂ ಸಾಂಬಾರಿನ ಬಕೆಟ್ ಹತ್ತಿರ ಬಂದಾಗ ತಲೆ ಎತ್ತುವ ಧೈರ್ಯವಾಗುತ್ತಿರಲಿಲ್ಲ. ಬೇಡ ಬೇಡ ಎಂದು ಕೈ ಅಡ್ಡ ಹಿಡಿದು, ಮಜ್ಜಿಗೆಯಲ್ಲೇ ಊಟ ಮುಗಿಸಿ ಎದ್ದುಬಿಡುತ್ತಿದ್ದೆ.

ಮೊನ್ನೆ ಚಿಂತಾಮಣಿಯ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ಭುಜ ಹಿಡಿದರು. ತಿರುಗಿದರೆ ಮುನಿರಾಜು. ಮದುವೆಗಳಿಗೆ ಸೀರಿಯಲ್ ದೀಪದ ಸೆಟ್ಟು, ಮೈಕು ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದಾನೆ. ಹೊಟ್ಟೆಯೂ ಬಂದಿದೆ. ಕಾಫಿ ಕುಡಿಸಲು ಎಳೆದುಕೊಂಡು ಹೋದ. ಲೋಟ ಕೆಳಗಿಡುವ ಮೊದಲೇ ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ನಿದ್ದೆ, ಕನಸು, ಸುಳ್ಳು ಕ್ಲೈಮ್ಯಾಕ್ಸು, ಅವನ ಕೆಲಸ.

ಮುನಿರಾಜು ನಕ್ಕ ನಗುವಿಗೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

"ಅಣ್ಣ, ನಿಮ್ ಮಾತಿಂದ ಟಾಕೀಸ್ ಮುಚ್ತಾ? ಪಿಚ್ಚರ್ ಬರೋದ್ಕಿಂತ ಮುಂಚೇನೇ ಸಾಹುಕಾರ್ರು ಛತ್ರದ ಅಡಿಗೆಮನೆಗೆ ಅಳತೆ ಹಾಕ್ಸಿದ್ರು. ನನಗ್ ಗೊತ್ತಾಗಿದ್ದೇ ಆಮೇಲೆ, ಓಡ್ತಿದ್ದ ಪಿಚ್ಚರ್‌ನ ವಾರದೊಳಗೇ ಎತ್ತಿಸ್ದಾಗ. ಅದೂ ಅಲ್ದೆ, ಬೇಜಾರ್ ಮಾಡ್ಕೋಬೇಡಿ, ನೀವ್ ಚೆನ್ನಾಗಿಲ್ಲ ಅಂದ್ರೆ ಜನ ಓಡಿ ಬಂದು ಟಿಕೆಟ್ ತಗೋತಿದ್ರು. ನೀವ್ ಹೊಗಳಿದ್ರೇ ನಮ್ಗೆ ಭಯ."

ಅಷ್ಟು ವರ್ಷದಿಂದ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಕಲ್ಲಿನ ಜೊತೆ ಜಡ್ಜ್ ಸಾಹೇಬರ ಕುರ್ಚಿಯೂ ಹೋಯಿತು. ಹೋಗಲಿ. ಇನ್ನೊಂದು ಕಾಫಿ ಹೇಳಿದೆ. ಅಷ್ಟು ರುಚಿಯಾದ ಕಾಫಿ ಕುಡಿದು ಬಹಳ ಕಾಲವಾಗಿತ್ತು.

ಎದ್ದು ಹೊರಡುವಾಗ ಮುನಿರಾಜು ಹೇಳಿದ: "ನಿಮ್ ಮಾತ್ ನಂಬಿದ್ದು ಅಂದ್ರೆ ನಿಮ್ಮನೇಲಿರೋ ನಮ್ಮತ್ಗೆ ಒಬ್ರೇ. ಭಾನುವಾರ ಬರ್ತೀನಿ, ಸೀಟ್ ಹಿಡ್ದಿರು ಅಂದಿದ್ರು. ಬರ್ಲಿಲ್ಲ. ಕೇಳಿದ್ರೆ, 'ಬೇಡಪ್ಪ, ಆ ಹುಡ್ಗಿ ಕಲ್ಲಾಗೋದ್ನ ನನ್ ಕೈಲಿ ನೋಡಕ್ಕಾಗಲ್ಲ' ಅಂತ ಕಣ್ಣೀರ್ ಹಾಕ್ಕೊಂಡ್ರು. ಎಲ್ಲಿ ಕಲ್ಲಾಗ್ತಾಳೆ ಅಣ್ಣ, ತಮ್ಮನ್ನ ಹೆಗಲ್ ಮೇಲೆ ಕೂರಿಸ್ಕೊಂಡು ನಗ್ತಾ ಮನೆಗ್ ಬರ್ತಾಳೆ."

ಸಂಜೆ ಮನೆಗೆ ಬಂದಾಗ ಹೆಂಡತಿ ಜಗಲಿಯಲ್ಲಿ ಕೂತಿದ್ದಳು. "ಏನಿವತ್ತು, ಮುಖ ಇಷ್ಟ್ ಗೆಲುವಾಗೈತೆ?" ಎಂದಳು. ಮುನಿರಾಜು ಸಿಕ್ಕಿದ್ದು, ಅಂಗಡಿ ಇಟ್ಟಿದ್ದು, ಎಲ್ಲ ಹೇಳಿದೆ. ಕೊನೆಗೆ, "ಆ ಹುಡುಗಿ ಮನೆಗೆ ವಾಪಸ್ ಬಂದ್ಳಂತೆ ಕಣೇ" ಎಂದೆ.

"ಯಾವ ಹುಡ್ಗಿ?"

"ಯಾರೋ" ಎಂದು ಹೇಳಿ ಕೈಕಾಲು ತೊಳೆಯಲು ಒಳಗೆ ಹೋದೆ.

ಇಡೀ ತಾಲ್ಲೂಕು ನನ್ನ ಮಾತನ್ನು ಮಡಚಿ ಮೂಲೆಗೆ ಎಸೆದಿತ್ತು ಎಂಬುದು ಈಗ ನನಗೆ ದೊಡ್ಡ ನೆಮ್ಮದಿ. ನಂಬಿ ಮೋಸಹೋದವರು ಒಬ್ಬರೇ. ಆ ಒಬ್ಬರ ಕ್ಷಮೆ ಕೇಳಲು ಚಿಂತಾಮಣಿಯವರೆಗೆ ಹೋಗಬೇಕಾಗಿಲ್ಲ, ಬಚ್ಚಲಿನಿಂದ ಜಗಲಿಗೆ ಬಂದರೆ ಸಾಕು. ಅದನ್ನೂ ಮಾಡಲಾರದೆ ಇಲ್ಲಿ ಕೂತು ನಿಮಗೆ ಹೇಳುತ್ತಿದ್ದೇನೆ. ಅವಳ ಹೆಸರು ಸರೋಜಮ್ಮ.