ಎಮ್ಮೆಯ ವರ್ಗಾವಣೆ

ಯುಗಾದಿಗೆ ಮನುಷ್ಯ ತನ್ನನ್ನು ತಾನು ತಿದ್ದಿಕೊಳ್ಳಬೇಕು ಎನ್ನುತ್ತಾರೆ. ಆ ಕೆಲಸವನ್ನೂ ನಾನು ಎರಡು ವರ್ಷ ಮಾಡಿ ನೋಡಿದ್ದೇನೆ. ಒಂದು ವರ್ಷ ನಶ್ಯ ಬಿಟ್ಟೆ. ಬೇವು ಕುಡಿದು ಬಾಯಿ ಒರೆಸಿಕೊಳ್ಳುವುದರೊಳಗೆ ಕೈ ತಾನಾಗಿಯೇ ಡಬ್ಬಿಯ ಕಡೆಗೆ ಹೋಯಿತು. ಇನ್ನೊಂದು ವರ್ಷ ಸಿಟ್ಟು ಬಿಟ್ಟೆ. ಅದನ್ನು ಮನೆಯಲ್ಲಿ ಯಾರೂ ಗಮನಿಸಲಿಲ್ಲವೆಂದು ಸಂಜೆಯ ಹೊತ್ತಿಗೆ ಸಿಟ್ಟಿಗೆದ್ದೆ. ತನ್ನನ್ನು ತಿದ್ದಿಕೊಳ್ಳುವುದಕ್ಕಿಂತ ಮನೆಯನ್ನು ತಿದ್ದುವುದು ಸುಲಭ, ಅದರಲ್ಲಿಯೂ ಎದುರು ಮಾತಾಡದವರಿಂದ ಆರಂಭಿಸುವುದು ಇನ್ನೂ ಸುಲಭ ಎಂದು ಆಗ ನನಗೆ ತೋರಿತು. ನಮ್ಮ ಮನೆಯಲ್ಲಿ ಎದುರು ಮಾತಾಡದೆ ಇದ್ದದ್ದು ಎಮ್ಮೆಯೊಂದೇ.

ಅದು ಮುಂಬೈ ಇಲಾಖೆಯ ಕಾಲ. ನಾನು ಶಿಗ್ಗಾವಿಯಲ್ಲಿ ಕನ್ನಡ ಶಾಲೆಯ ಮಾಸ್ತರ. ಮನೆಯಲ್ಲಿ ಅವ್ವ, ಹೆಂಡತಿ ಗಂಗವ್ವ, ನಾನು ಮತ್ತು ಚಂದ್ರಿ. ಚಂದ್ರಿ ಎಂದರೆ ಎಮ್ಮೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಜನ. ತಗ್ಗಿನಲ್ಲಿ ದನಕ್ಕೆ ಮೇವು ಹಾಕುವ ಗೋದಲಿ, ಎರಡು ಮೆಟ್ಟಿಲು ಮೇಲೆ ಪಡಸಾಲೆ. ಪಡಸಾಲೆಯ ಅಂಚಿನಲ್ಲಿ ಅವ್ವ ಕಾಲು ಇಳಿಬಿಟ್ಟು ಕುಳಿತರೆ ಚಂದ್ರಿಯ ಮುಖ ಅವಳ ಮೊಣಕಾಲಿಗೆ ತಾಗುತ್ತಿತ್ತು. ಇಬ್ಬರ ನಡುವೆ ದಿನವಿಡೀ ಮಾತು. ನನ್ನ ಮೇಲಿನ ದೂರುಗಳನ್ನೆಲ್ಲ ಅವ್ವ ಮೊದಲು ಚಂದ್ರಿಗೇ ಹೇಳುತ್ತಿದ್ದಳು, ಅದು ತಲೆಯಾಡಿಸಿ ಒಪ್ಪುತ್ತಿತ್ತು.

ಶಾಲೆಗೆ ಹೊಸದಾಗಿ ಬಂದ ಹೆಡ್ ಮಾಸ್ತರರು ಧಾರವಾಡದ ಕಡೆಯವರು, ಇಸ್ತ್ರಿಯ ಧೋತರದವರು. ಒಂದು ದಿನ ನಮ್ಮ ಮನೆಗೆ ಬಂದರು. ಹೊಸ್ತಿಲು ದಾಟುತ್ತಲೇ, ನೊಣ ಹೊಡೆಯಲು ಬೀಸಿದ ಚಂದ್ರಿಯ ಬಾಲ ಅವರ ಧೋತರದ ಮೇಲೆ ಉದ್ದಕ್ಕೆ ಸಹಿ ಮಾಡಿತು. ಅವರು ದೊಡ್ಡ ಮನುಷ್ಯರು. "ಎಮ್ಮಿ ಛಲೋ ಅದ" ಎಂದಷ್ಟೇ ಹೇಳಿದರು. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬರುವ ಯುಗಾದಿಯಿಂದ ನಮ್ಮದು ನೌಕರದಾರನ ಮನೆಯಂತೆ ಕಾಣಬೇಕೆಂದು ಅಂದೇ ನಿಶ್ಚಯ ಮಾಡಿದೆ.

ಕುಳ್ಳು ಕಟ್ಟಿಗೆ ಇಡುವುದಕ್ಕೆ ಎಂದು ಸುಳ್ಳು ಹೇಳಿ ಹಿತ್ತಲಿನಲ್ಲಿ ಒಂದು ಚಪ್ಪರ ಹಾಕಿಸಿದೆ. ಹಬ್ಬದ ಬೆಳಗ್ಗೆ ಅವ್ವ ಎಣ್ಣೆ ಹಚ್ಚಿ ಎರೆದುಕೊಳ್ಳಲು ಬಚ್ಚಲಿಗೆ ಹೋದ ಸಮಯ ಸಾಧಿಸಿ, ಚಂದ್ರಿಯನ್ನು ಬಿಚ್ಚಿ ಅಲ್ಲಿಗೆ ಸಾಗಿಸಿದೆ. ತಗ್ಗನ್ನು ತೊಳೆದು ಸಾರಿಸಿ, ಸವಣೂರಿನಿಂದ ತರಿಸಿದ ಖುರ್ಚಿಯೊಂದನ್ನು ಗೋದಲಿಯ ಜಾಗದಲ್ಲಿ ಇಟ್ಟೆ. ಅವ್ವ ಒದ್ದೆ ಕೂದಲಿನಲ್ಲಿ ಬಂದು ಖುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬೈಗುಳಕ್ಕೆ ಮೈ ಬಿಗಿಹಿಡಿದು ನಿಂತೆ.

"ಇವತ್ತ ಹಬ್ಬ. ಇವತ್ತ ಬೈದ್ರ ವರ್ಷಾ ಪೂರ್ತಿ ಬೈಬೇಕಾಗತೈತಿ. ನಾಳೆ ಬೈತೇನಿ" ಎಂದಳು.

ಮರುದಿನ ಬೈಯಲಿಲ್ಲ. ಚಂದ್ರಿ ಹಾಲು ಕೊಡಲಿಲ್ಲ. ಗಂಗವ್ವ ಖಾಲಿ ಚರಿಗೆಯನ್ನು ತಂದು ನನ್ನ ಖುರ್ಚಿಯ ಪಕ್ಕದಲ್ಲಿ ಸಪ್ಪಳವಾಗುವಂತೆ ಇಟ್ಟಳು. ಆಗ ಅವ್ವ ಶಾಂತವಾಗಿ ಹೇಳಿದಳು: "ಬರೋ ಸೋಮವಾರ ನಾನೂ ಚಂದ್ರಿನೂ ಹಿರೇಬೆಂಡಿಗೇರಿಗೆ ನಿಮ್ಮಣ್ಣನ ಮನಿಗೆ ಹೋಗ್ತೇವಿ. ಅಲ್ಲೆ ಇನ್ನೂ ಇಷ್ಟ ಶಾಣ್ಯಾತನ ಬಂದಿಲ್ಲ."

ಅವ್ವ ಬೈದರೆ ತಡೆದುಕೊಳ್ಳುವ ಅಭ್ಯಾಸ ನನಗಿತ್ತು. ಹೋಗುತ್ತೇನೆಂದರೆ ತಡೆದುಕೊಳ್ಳುವ ಅಭ್ಯಾಸ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಣ್ಣ ನಾನು ಬೇರೆಯಾದಾಗ, ಯಾರೂ ಕೇಳದೆಯೇ "ನಾ ಸಣ್ಣಾವನ ಕಡೆ ಇರ್ತೇನಿ" ಅಂದವಳು ಅವಳು. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ಎದೆಯುಬ್ಬಿಸಿ ತಿರುಗಿದ್ದೆ. ಅವಳಿಲ್ಲದ ಮನೆಯನ್ನು ನೆನೆಯುವುದಕ್ಕೂ ಆಗುತ್ತಿರಲಿಲ್ಲ. ಆದರೂ ಎಮ್ಮೆಯನ್ನು ಒಳಗೆ ತಂದು ಸೋತೆನೆಂದು ಒಪ್ಪಿಕೊಳ್ಳುವುದಕ್ಕೆ ಮನಸ್ಸು ಬರಲಿಲ್ಲ. ಮಾಸ್ತರಿಕೆಯ ದೊಡ್ಡ ರೋಗವೇ ಅದು.

ಮೂರನೆಯ ದಿನ ಅವ್ವ ಗೋಣಿತಟ್ಟು ಹಿಡಿದುಕೊಂಡು ಹೋಗಿ ಚಂದ್ರಿಯ ಎದುರಿಗೆ ಕುಳಿತಳು. ಏನು ಮಾತಾಡಿದಳೋ ಕಾಣೆ. ನನ್ನ ವಿಷಯವೇ ಇರಬೇಕು, ಸಂಜೆ ಚರಿಗೆ ತುಂಬ ಹಾಲು ಬಂತು. ಅವ್ವನನ್ನು ಹುಡುಕಿಕೊಂಡು ಪಕ್ಕದ ಮನೆಯ ನೀಲವ್ವ ಹಿತ್ತಲ ಬಾಗಿಲಿನಿಂದಲೇ ಬರತೊಡಗಿದಳು. ಅವಳ ಹಿಂದೆ ಇನ್ನಿಬ್ಬರು. ಗಂಗವ್ವ ಮೊರ, ಜೋಳ ತೆಗೆದುಕೊಂಡು ಅಲ್ಲಿಗೇ ಹೋದಳು. ನಾನು ತೊಳೆದ ನೆಲದ ಮೇಲೆ, ಒಂದು ಕಾಲು ಗಿಡ್ಡವಿದ್ದ ಖುರ್ಚಿಯಲ್ಲಿ ತೂಕ ಸರಿಮಾಡಿಕೊಳ್ಳುತ್ತ, ಹಿತ್ತಲಿನ ನಗೆ ಕೇಳುತ್ತ ಕುಳಿತೆ. ಚಹಾದ ಪಾಳಿ ನನಗೆ ಬರುವ ಹೊತ್ತಿಗೆ ಅದು ಆರಿರುತ್ತಿತ್ತು.

ರವಿವಾರ ಮಧ್ಯಾಹ್ನ ಹೆಡ್ ಮಾಸ್ತರರು ಬಂದರು. ನಾನು ಇದಕ್ಕಾಗಿಯೇ ಕಾದಿದ್ದೆ. ಅವರು ಸುತ್ತಲೂ ನೋಡಿ, "ಸ್ವಚ್ಛ ಅದ. ಮನ್ಯಾಗ ಯಾರೂ ಇಲ್ಲೇನ್ರಿ?" ಎಂದರು. ಅಷ್ಟರಲ್ಲಿ ಹಿಂದಿನಿಂದ ನಗೆ ಕೇಳಿಸಿತು. ಅವರು ಧೋತರ ಎತ್ತಿ ಹಿಡಿದು ಆ ಕಡೆಗೆ ನಡೆದರು. ಅವ್ವ ಕೊಟ್ಟ ಮಜ್ಜಿಗೆಯನ್ನು ಎರಡು ಲೋಟ ಕುಡಿದು, ತಾವು ಚಿಕ್ಕವರಿದ್ದಾಗ ತಮ್ಮ ಮನೆಯಲ್ಲಿದ್ದ ಎಮ್ಮೆಯ ಗುಣಗಾನ ಮಾಡುತ್ತ ಹೊತ್ತಿಳಿಯುವ ತನಕ ಏಳಲಿಲ್ಲ. ನನ್ನ ಖುರ್ಚಿಯಲ್ಲಿ ಒಂದು ಕ್ಷಣವೂ ಕೂಡಲಿಲ್ಲ.

ಅವರೂ ಹೆಂಗಸರೂ ಎದ್ದು ಹೋದ ಮೇಲೆ, ನಾಳೆ ಸೋಮವಾರವೆಂಬುದು ನೆನಪಾಯಿತು. ಮಾನ ಮರ್ಯಾದೆ ಬದಿಗಿಟ್ಟು ಚಂದ್ರಿಯ ಹಗ್ಗ ಬಿಚ್ಚಿದೆ. "ಅವ್ವಾ, ಇದನ್ನ ಮೊದಲಿನ ಜಾಗಕ್ಕ ಕಟ್ಟತೇನಿ. ನೀ ಮಾತ್ರ ಹೋಗಬ್ಯಾಡ" ಎಂದೆ. ಹಗ್ಗ ಜಗ್ಗಿದೆ. ಚಂದ್ರಿ ನಾಲ್ಕೂ ಕಾಲು ಊರಿ ನಿಂತಿತು. ಗಂಗವ್ವ ಹಿಂದಿನಿಂದ ದೂಡಿದರೂ ಜಪ್ಪೆನ್ನಲಿಲ್ಲ.

ಅವ್ವ ನಗತೊಡಗಿದಳು. "ಬಿಡೋ ಹುಚ್ಚಪ್ಪಾ. ಯಾರ ಹೊಂಟಾರ ಈಗ? ಇಲ್ಲೆ ಗಾಳಿ ಐತಿ, ನಾಕು ಮಂದಿ ಬರ್ತಾರ. ನೀ ಒಬ್ಬಾವ ಒಳಗ ಯಾಕ ಕುಂದರ್ತಿ? ಬಾ ಇಲ್ಲೆ."

ಗೋಣಿತಟ್ಟಿನ ಅಂಚಿಗೆ ಕುಳಿತೆ. ಕಾಲು ಎತ್ತ ಚಾಚಬೇಕೆಂದು ತಿಳಿಯಲಿಲ್ಲ. ಆ ಕಡೆ ಸಗಣಿ, ಈ ಕಡೆ ಜೋಳದ ಮೊರ. ಒಮ್ಮೆ ಹೊರಳಿದೆ, ಇನ್ನೊಮ್ಮೆ ಎದ್ದು ಕುಳಿತೆ. ಬೇಲಿಯಾಚೆ ಹೊರಟಿದ್ದ ಓಣಿಯ ಹಿರಿಯರೊಬ್ಬರು ನಿಂತು, "ಏನವ್ವಾ, ಹೊಸಾ ಜಾಗಕ್ಕ ಹೊಂದಿಕೊಂಡೈತೇನು ಎಮ್ಮಿ?" ಎಂದು ಕೇಳಿದರು.

"ಎಮ್ಮಿ ಹೊಂದಿಕೊಂಡೈತ್ರಿ" ಎಂದಳು ಅವ್ವ, ನನ್ನ ಕಡೆಗೆ ನೋಡುತ್ತ. "ಇಂವಗ ಇನ್ನ ನಾಕು ದಿನಾ ಬೇಕು."