ಲಿಲ್ಲಿಯ ಪಂಪ್ ಸ್ಟವ್ವಿಗೆ ನಾನು ಮಾಡಿದ ಸುಧಾರಣೆ

ನನ್ನ ಹೆಂಡತಿ ಲಿಲ್ಲಿ ನನ್ನಲ್ಲಿ ಕೇಳಿದ್ದು ಒಂದು ವಾಷರ್ ಮಾತ್ರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ಆ ವಾಷರಿನ ಕಥೆ ಎಲ್ಲಿಗೆ ಹೋಯಿತೆಂದು ನಿಮಗೆ ಸಂಶಯ ಬರಬಹುದು. ನನಗೂ ಬಂದಿತ್ತು.

ನಮ್ಮ ಇಗರ್ಜಿಯ ವಾರ್ಷಿಕ ಹಬ್ಬ ಹತ್ತಿರ ಬಂದಿತ್ತು. ಹಬ್ಬದ ದಿನ ಪೂಜೆ ಮುಗಿದ ಮೇಲೆ ಪಕ್ಕದ ಶಾಲೆಯ ಜಗಲಿಯಲ್ಲಿ ವಾಳೆಗೊಂದರಂತೆ ತಿಂಡಿಯ ಸ್ಟಾಲ್ ಹಾಕುವುದು ಕ್ರಮ. ವಾಳೆ ಎಂದರೆ ಇಗರ್ಜಿಗೆ ಸೇರಿದ ಅಕ್ಕಪಕ್ಕದ ಮನೆಗಳ ಒಂದು ಗುಂಪು. ಅದಕ್ಕೊಬ್ಬ ಗುರಿಕಾರ ಇರುತ್ತಾನೆ. ನಮ್ಮ ವಾಳೆಯ ಗುರಿಕಾರ ನಾನೇ. ಅದು ಸಾಲದೆಂದು ಇಗರ್ಜಿಯ ಪಾನನಿಷೇಧ ಸಮಿತಿಗೂ ನಾನೇ ಅಧ್ಯಕ್ಷ. ಗಲ್ಫಿನಿಂದ ಬಂದು ಮನೆಯಲ್ಲಿ ಕೂತವನಿಗೆ ಜನ ಹೀಗೆಲ್ಲ ಹುದ್ದೆ ಕೊಟ್ಟು ಮರ್ಯಾದೆ ಮಾಡುತ್ತಾರೆ, ಮನೆಯವಳಿಗೂ ಅಷ್ಟು ಹೊತ್ತು ನೆಮ್ಮದಿ.

ಪ್ರತಿ ವರ್ಷ ನಮ್ಮ ಸ್ಟಾಲಿನ ಅಡುಗೆಯ ಅಧಿಕಾರ ಗ್ರೇಸಿಬಾಯಿಯದ್ದು. ಲಿಲ್ಲಿಯದ್ದು ಹಿಂದೆ ಕೂತು ನೀರುಳ್ಳಿ ಕತ್ತರಿಸುವ ಕೆಲಸ. ಈ ಸಲ ಗ್ರೇಸಿಬಾಯಿ ಮಗಳ ಬಾಣಂತನಕ್ಕೆಂದು ದುಬಾಯಿಗೆ ಹೋದದ್ದರಿಂದ ಸ್ಟಾಲ್ ಲಿಲ್ಲಿಯ ಕೈಗೆ ಬಂತು. ನೀರುದೋಸೆ ಮತ್ತು ಕೋಳಿ ಸುಕ್ಕ ಮಾಡುವುದೆಂದು ನಿಶ್ಚಯವಾಯಿತು.

"ಇಷ್ಟು ವರ್ಷ ನೀರುಳ್ಳಿಗೆ ಅತ್ತದ್ದು ಸಾಕು. ಈ ಸಲ ನನ್ನ ದೋಸೆ ನಾಲ್ಕು ಜನರ ಬಾಯಿಗೆ ಹೋಗ್ಲಿ" ಎಂದಳು ಲಿಲ್ಲಿ. ಅವಳ ದೋಸೆ ನಿಜಕ್ಕೂ ಚೆನ್ನ. ಮದುವೆಯಾದಂದಿನಿಂದ ತಿಂದಿದ್ದೇನೆ. ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ ಅಷ್ಟೆ. ಹೇಳಿದರೆ ಕಾವಲಿಯ ಹತ್ತಿರವೇ ನಿಂತು ಹೇಳಬೇಕಾಗುತ್ತದೆ, ಅಲ್ಲಿ ಸೆಕೆ.

ಆದರೆ ಬೆಂಕಿಯ ವಿಷಯದಲ್ಲಿ ಫಾದರ್ ಕಟ್ಟುನಿಟ್ಟು. ಶಾಲೆಗೆ ಹೊಸದಾಗಿ ಪೇಂಟ್ ಕೊಟ್ಟಿದ್ದಾರೆ, ಆದ್ದರಿಂದ ಕಟ್ಟಿಗೆ ಒಲೆ ಬೇಡ. ಮಕ್ಕಳು ಓಡಾಡುವ ಜಾಗ, ಆದ್ದರಿಂದ ಗ್ಯಾಸ್ ಸಿಲಿಂಡರ್ ಬೇಡ. ಕರೆಂಟಿನ ಒಲೆ ಇಡಬಹುದು. ಆದರೆ ನೀರುದೋಸೆಯ ಕಬ್ಬಿಣದ ಕಾವಲಿಯ ಅಡಿ ಗುಂಡಗೆ. ಕರೆಂಟಿನ ಒಲೆಯ ಮೇಲೆ ಅದು ಕೂರುವುದೇ ಇಲ್ಲ, ತಿರುಗುತ್ತದೆ! ಕೊನೆಗೆ ಲಿಲ್ಲಿ ಅಟ್ಟದಿಂದ ತನ್ನ ಅಮ್ಮನ ಹಿತ್ತಾಳೆಯ ಪಂಪ್ ಸ್ಟವ್ ಇಳಿಸಿದಳು. ಹುಣಸೆಹುಳಿ ಹಾಕಿ ತಿಕ್ಕಿದಳು. ಹೊತ್ತಿಸಿ ನೋಡಿದಳು. ಭರ್ರೆಂದು ನೀಲಿಯಾಗಿ ಉರಿಯಿತು.

"ಪಂಪಿನಲ್ಲಿ ಸ್ವಲ್ಪ ಗಾಳಿ ಹೋಗ್ತಾ ಉಂಟು. ಪೆರ್ಲ ಪೇಟೆಗೆ ಹೋಗುವಾಗ ಒಂದು ವಾಷರ್ ಹಾಕಿಸಿಕೊಂಡು ಬನ್ನಿ" ಎಂದಳು.

(ನಮ್ಮ ಮನೆಮಾತು ಕೊಂಕಣಿ. ಅವಳು ಹೇಳಿದ್ದನ್ನೆಲ್ಲ ನಾನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಬೈಗುಳದ ಖಾರ ಬರುವ ದಾರಿಯಲ್ಲಿ ಅರ್ಧಕ್ಕರ್ಧ ಇಳಿದುಹೋಗಿದೆ. ಓದುವಾಗ ನೀವೇ ಸೇರಿಸಿಕೊಳ್ಳಬೇಕು.)

ವಾಷರ್! ಗಲ್ಫಿನ ತೈಲ ಕಂಪೆನಿಯೊಂದರಲ್ಲಿ ಆಯುಷ್ಯದ ಒಳ್ಳೆಯ ಭಾಗ ಕಳೆದ ಮನುಷ್ಯನಿಗೆ ವಾಷರ್ ಹಾಕಿಸುವ ಕೆಲಸ! ನಾನು ಅಲ್ಲಿ ಟೈಪಿಸ್ಟ್ ಆಗಿದ್ದೆ ಎಂಬುದು ಬೇರೆ ವಿಷಯ. ಎಣ್ಣೆಯ ಬಗ್ಗೆ ನಾನು ಟೈಪ್ ಮಾಡಿದಷ್ಟು ಇಡೀ ಕಾಸರಗೋಡು ಜಿಲ್ಲೆಯಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ಸ್ಟವ್ವನ್ನು ಬಿಚ್ಚಿ ಪತ್ರಿಕೆಯ ಮೇಲೆ ಹರಡಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಅದರ ತತ್ವವನ್ನು ಕೂಲಂಕಷವಾಗಿ ಅಧ್ಯಯನ ಮಾಡಿದೆ. ಟ್ಯಾಂಕಿಗೆ ಗಾಳಿ ಹೊಡೆದರೆ ಎಣ್ಣೆ ಮೇಲೇರುತ್ತದೆ. ಬಿಸಿ ಬರ್ನರಿನೊಳಗೆ ಹೋಗಿ ಆವಿಯಾಗುತ್ತದೆ. ಆ ಆವಿ ಸೂಜಿಮೊನೆಯಷ್ಟು ಸಣ್ಣ ತೂತಿನಿಂದ ಚಿಮ್ಮಿ, ಗಾಳಿಯೊಂದಿಗೆ ಬೆರೆತು, ನೀಲಿಯಾಗಿ ಉರಿಯುತ್ತದೆ. ಇಷ್ಟು ತಿಳಿದ ಕ್ಷಣವೇ, ಇದನ್ನು ಕಂಡುಹಿಡಿದವರು ಎಲ್ಲಿ ಎಡವಿದ್ದಾರೆಂದು ನನಗೆ ಹೊಳೆಯಿತು. ತೂತು ಸಣ್ಣದಾಯಿತು! ಪಾಪ, ಅವರ ಕಾಲದಲ್ಲಿ ಡ್ರಿಲ್ ಮೆಶಿನ್ ಇರಲಿಲ್ಲವೋ ಏನೋ.

ನಮ್ಮಲ್ಲಿ ಇತ್ತು. ತೂತನ್ನು ಧಾರಾಳವಾಗಿ ದೊಡ್ಡದು ಮಾಡಿದೆ. ಎಣ್ಣೆ ಇನ್ನಷ್ಟು ಚೆನ್ನಾಗಿ ಆವಿಯಾಗಲಿ ಎಂದು ಹಳೆಯ ಫ್ರಿಜ್ಜಿನ ತಾಮ್ರದ ಕೊಳವೆಯನ್ನು ಬರ್ನರಿನ ಸುತ್ತ ಸುತ್ತಿ ಜೋಡಿಸಿದೆ. ಸ್ಟವ್ವಿಗೆ ಈಗ ಒಂದು ಗಾಂಭೀರ್ಯ ಬಂತು.

ಲಿಲ್ಲಿ ಬಂದು ನೋಡಿದಳು. "ವಾಷರ್ ಹಾಕಿದ್ರಾ?"

"ವಾಷರ್ ಬಿಡು, ಬರ್ನರಿನ ವಿನ್ಯಾಸವನ್ನೇ ಸುಧಾರಿಸಿದ್ದೇನೆ!"

"ಅದು ಸರಿ ಇತ್ತಲ್ಲ?"

"ಸರಿ ಇರುವುದನ್ನು ಇನ್ನೂ ಸರಿ ಮಾಡುವುದಕ್ಕೇ ಸುಧಾರಣೆ ಅಂತ ಹೇಳುವುದು."

ಅವಳು ನನ್ನನ್ನೊಮ್ಮೆ, ಡ್ರಿಲ್ ಮೆಶಿನನ್ನೊಮ್ಮೆ ನೋಡಿ ಒಳಗೆ ಹೋದಳು.

ಇನ್ನು ಬರ್ನರನ್ನು ಮೊದಲು ಬಿಸಿ ಮಾಡುವ ಸಮಸ್ಯೆ. ಎಣ್ಣೆಯಲ್ಲಿ ಅದ್ದಿದ ಚಿಂದಿಬಟ್ಟೆ ಹೊತ್ತಿಸಿದರೆ ಸಾಕು, ಅಮ್ಮ ಹಾಗೆಯೇ ಮಾಡುತ್ತಿದ್ದದ್ದು ಎಂದು ಲಿಲ್ಲಿ ಅಡುಗೆಕೋಣೆಯಿಂದಲೇ ಕೂಗಿದಳು. ಆದರೆ ಸುಧಾರಿತ ಬರ್ನರಿಗೆ ಚಿಂದಿಬಟ್ಟೆಯೇ? ವಿಡಿಯೋದಲ್ಲಿ ಸ್ಪಿರಿಟ್ ಹೊಯ್ದು ಹೊತ್ತಿಸಿದ್ದರು. ಅದಕ್ಕಾಗಿ ಗಡಿಯಾಚೆಯ ಪುತ್ತೂರಿಗೆ ಹೋಗಿ, ಮರಕ್ಕೆ ಪಾಲಿಶ್ ಹಾಕುವ ಸ್ಪಿರಿಟನ್ನು ಕ್ಯಾನಿನಲ್ಲಿ ತುಂಬಿಸಿಕೊಂಡು ಪೆರ್ಲದ ಬಸ್ಸು ಹತ್ತಿದೆ.

ಗಡಿ ಭಾಗದಲ್ಲಿ ಬದುಕುವವರಿಗೆಲ್ಲ ಒಂದು ವಿಷಯ ಗೊತ್ತು. ಕರ್ನಾಟಕದಿಂದ ಕೇರಳಕ್ಕೆ ಬರುವ ಬಸ್ಸಿನಲ್ಲಿ ಎಂತ ಬೇಕಾದರೂ ಹೇಳಬಹುದು, 'ಸ್ಪಿರಿಟ್' ಎಂಬ ಮೂರಕ್ಷರ ಮಾತ್ರ ಹೇಳಬಾರದು. ಕಳ್ಳಸಾಗಣೆಯವರಿಗೂ ಅಬಕಾರಿಯವರಿಗೂ ಆ ಶಬ್ದಕ್ಕೆ ಇಲ್ಲಿ ಒಂದೇ ಅರ್ಥ, ಕಳ್ಳ ಸಾರಾಯಿಯ ಸರಕು. ನನಗೂ ಗೊತ್ತಿತ್ತು. ಆದರೆ ತಪಾಸಣೆಯ ಕಾಕಿ ಅಂಗಿ ಬಸ್ಸು ಹತ್ತಿ ಬ್ಯಾಗಿನಲ್ಲಿ ಏನೆಂದು ಮಲಯಾಳದಲ್ಲಿ ಕೇಳಿದಾಗ, ನಾನು ಸಂಶೋಧಕನ ಹುರುಪಿನಲ್ಲಿದ್ದೆ.

"ಸ್ಪಿರಿಟ್!" ಎಂದೆ, ಸ್ಪಷ್ಟವಾಗಿ, ಹಿಂದಿನ ಸೀಟಿನವರಿಗೂ ಕೇಳುವಂತೆ.

ಬಸ್ಸು ನಿಂತಲ್ಲೇ ನಿಂತಿತು. ನನ್ನನ್ನು ಇಳಿಸಿದರು. ಸ್ಟವ್ವಿಗೆ ಎಂದೆ. "ಈಗ ಯಾರ ಮನೆಯಲ್ಲಿ ಸ್ಟವ್ ಉಂಟು?" ಎಂದು ಸಾಹೇಬರು ಕೇಳಿದರು. ಅದು ಸಾಮಾನ್ಯ ಸ್ಟವ್ ಅಲ್ಲವೆಂದು ವಿವರಿಸಲು ಹೊರಟದ್ದು ನನ್ನ ಎರಡನೆಯ ತಪ್ಪು. ತಾಮ್ರದ ಕೊಳವೆ, ಆವಿ, ಬಿಸಿ ಮಾಡುವುದು ಎಂದೆಲ್ಲ ಕೇಳುತ್ತ ಹೋದಂತೆ ಅವರ ಮುಖ ಗಂಭೀರವಾಯಿತು. ಕಳ್ಳಭಟ್ಟಿ ಇಳಿಸುವುದಕ್ಕೂ ಅದೇ ಸಾಮಾನು ಬೇಕಂತೆ! ನಾನು ಮರ್ಯಾದಸ್ಥ ಎಂದು ತೋರಿಸಲು ಪರ್ಸಿನಿಂದ ಗುರುತುಚೀಟಿ ತೆಗೆದುಕೊಟ್ಟೆ. ಅವಸರದಲ್ಲಿ ಕೈಗೆ ಬಂದದ್ದು ಪಾನನಿಷೇಧ ಸಮಿತಿಯದ್ದು.

ಸಾಹೇಬರು ಅದನ್ನು ಓದಿದರು. ಕ್ಯಾನನ್ನು ನೋಡಿದರು. ಮತ್ತೊಮ್ಮೆ ಓದಿದರು. ಆಮೇಲೆ ಚೀಟಿಯಲ್ಲಿದ್ದ ನಂಬರು ನೋಡಿ ಫಾದರಿಗೆ ಫೋನ್ ಮಾಡಿ, "ನಿಮ್ಮ ಪಾನನಿಷೇಧ ಸಮಿತಿಯ ಅಧ್ಯಕ್ಷರು ಸ್ಪಿರಿಟ್ ಸಮೇತ ಇಲ್ಲಿದ್ದಾರೆ" ಎಂದರು. ಆಚೆಯಿಂದ 'ದೇವರೇ, ದೇವರೇ' ಎಂದು ಮಾತ್ರ ಕೇಳಿಸಿತು. ಫಾದರ್ ಜಪ ಮಾಡುತ್ತಿದ್ದಿರಬೇಕು.

ಅಂತೂ ನನ್ನನ್ನು ಬಿಟ್ಟರು. ಕ್ಯಾನು ಅಲ್ಲಿಯೇ ಉಳಿಯಿತು. ನಾನು ಮನೆಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಲಿಲ್ಲಿ ಒಂದು ಚಿಂದಿಬಟ್ಟೆ ತಂದು ನನ್ನ ಮುಂದೆ ಇಟ್ಟಳು.

ಅದನ್ನೇ ಉಪಯೋಗಿಸಿ, ಸ್ಟವ್ವಿನಲ್ಲಿ ಉಳಿದಿದ್ದ ಎಣ್ಣೆಯಲ್ಲಿ, ಹಿತ್ತಲಿನಲ್ಲಿ ಪ್ರಯೋಗ ನಡೆಸಿದೆ. ಜ್ವಾಲೆ ಹಳದಿಯಾಗಿ ಎದ್ದು ಬಾಳೆಎಲೆಯನ್ನು ಬಾಡಿಸಿತು.

"ನೀಲಿ ಬರಬೇಕಲ್ಲ?" ಎಂದಳು ಲಿಲ್ಲಿ.

"ಬಣ್ಣ ನೋಡಬೇಡ, ಶಕ್ತಿ ನೋಡು!"

"ನನಗೆ ಹೆದರಿಕೆ ಆಗ್ತದೆ. ಅಮ್ಮನದ್ದು ಅದು. ಮೊದಲಿನ ಹಾಗೆಯೇ ಮಾಡಿ ಕೊಡಿ."

ದೊಡ್ಡದು ಮಾಡಿದ ತೂತನ್ನು ಮೊದಲಿನ ಹಾಗೆ ಸಣ್ಣದು ಮಾಡುವ ಡ್ರಿಲ್ ಮೆಶಿನ್ ಇನ್ನೂ ಬಂದಿಲ್ಲ. ಆದರೆ ಅದನ್ನು ಹೆಂಡತಿಯ ಎದುರು ಒಪ್ಪಿಕೊಳ್ಳುವುದುಂಟೇ? ಒಳ್ಳೆಯ ಎಣ್ಣೆ ಹಾಕಿದರೆ ತಾನಾಗಿ ನೀಲಿ ಬರುತ್ತದೆಂದು ಹೇಳಿದೆ. ನಂಬಿದಳೋ ಬಿಟ್ಟಳೋ, ಅಕ್ಕಿ ಅಳೆಯಲು ಹೋದಳು.

ಈಗ ಚಿಮಿಣಿ ಎಣ್ಣೆ, ಅಂದರೆ ಸೀಮೆಎಣ್ಣೆ ಹುಡುಕಬೇಕು. ರೇಷನ್ ಅಂಗಡಿಯಲ್ಲಿ ಇಲ್ಲ. ಪೆರ್ಲದ ಪೇಟೆಯಲ್ಲಿ, "ಎಲ್ಲಿಯಾದರೂ ಎಣ್ಣೆ ಸಿಗಬಹುದಾ?" ಎಂದು ಕೇಳಿದರೆ ಜನ ಮೆಲ್ಲನೆ ನಗುತ್ತಾರೆ. "ಸ್ಪಿರಿಟ್ ಹೋಯಿತು, ಇನ್ನು ಎಣ್ಣೆಯಾ ಅಧ್ಯಕ್ಷರೇ?" ಎಂದು ಒಬ್ಬ ಕೇಳಿಯೇ ಬಿಟ್ಟ. ಎಣ್ಣೆ ಎಂಬ ಶಬ್ದಕ್ಕೆ ಈಗಿನವರು ಕೊಡುವ ಅರ್ಥ ನನಗೆ ಆಗ ನೆನಪಾಯಿತು. ತಲೆ ತಗ್ಗಿಸಿಕೊಂಡು ಬಂದೆ.

ಆಗ ಶೇಸಪ್ಪನ ನೆನಪಾಯಿತು. ಗಲ್ಫಿನಲ್ಲಿ ನನ್ನ ಜೊತೆ ಇದ್ದವನು. ಈಗ ಶಿರಿಯದಲ್ಲಿ ದೋಣಿ ಇಟ್ಟುಕೊಂಡು ಮೀನು ಹಿಡಿಸುತ್ತಾನೆ. ದೋಣಿಯ ಎಂಜಿನಿಗೆ ಚಿಮಿಣಿ ಎಣ್ಣೆಯೇ ಬೇಕು. ಹಬ್ಬದ ಹಿಂದಿನ ದಿನ ಅಲ್ಲಿಗೆ ಹೋದೆ. ಅವನು ಬಲೆ ಮಡಚುತ್ತಿದ್ದ.

"ಓ ಪೊರ್ಬುಗಳೇ!" ಎಂದ. ನಮ್ಮಲ್ಲಿ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಹಾಗೆ ಕರೆಯುತ್ತಾರೆ. "ಚಿಮಿಣಿ ಎಣ್ಣೆಯಾ? ಅದಕ್ಕೆಂತ, ಕೊಡುವ. ಎಣ್ಣೆ ಹಾಕಿದ್ದು ಇವತ್ತೇ ಉಂಟು. ಹಾಕದ್ದು ಬೇಕಾದರೆ ನಾಳೆ ಬರ್ತದೆ. ಯಾವುದು ಬೇಕು?"

ನನಗೆ ನಗು ಬಂತು. ಕ್ಯಾನಿಗೆ ಎಣ್ಣೆ ಹಾಕಿದ್ದು ಇರುವಾಗ ಎಣ್ಣೆ ಹಾಕದ ಖಾಲಿ ಕ್ಯಾನು ನನಗೆ ಯಾಕೆ? ಸಮುದ್ರದ ಗಾಳಿಗೆ ಇವನ ತಲೆ ಸ್ವಲ್ಪ ಮಂದವಾಗಿದೆ ಎಂದುಕೊಂಡೆ.

"ಹಾಕಿದ್ದೇ ಕೊಡು ಮಾರಾಯ!"

"ಹಾಕಿದ್ದೇ ಆಗ್ತದಾ ನಿಮಗೆ? ಎಂತಕ್ಕೆ ಅದು?"

"ಅದೊಂದು ದೊಡ್ಡ ಸಂಗತಿ. ನಿನಗೆ ಹೇಳಿದರೆ ಅರ್ಥ ಆಗ್ಲಿಕ್ಕಿಲ್ಲ" ಎಂದೆ. ಅವನು ಮತ್ತೆ ಕೇಳಲಿಲ್ಲ.

ಮನೆಗೆ ಬಂದಾಗ ಲಿಲ್ಲಿ, ಒಮ್ಮೆ ಹೊತ್ತಿಸಿ ನೋಡುವ ಎಂದಳು. ಅಷ್ಟು ಕಷ್ಟದಲ್ಲಿ ಸಿಕ್ಕ ಎಣ್ಣೆಯನ್ನು ಸುಮ್ಮನೆ ಉರಿಸುವುದು ಪೋಲು ಎಂದು ನಾನು ಉಪದೇಶ ಮಾಡಿದೆ.

ಹಬ್ಬದ ದಿನ ಪೂಜೆ ಬಿಟ್ಟ ಕೂಡಲೇ ಜನ ಜಗಲಿಗೆ ಬಂದರು. ಲಿಲ್ಲಿ ಹೊಸ ಸೀರೆಯ ಸೆರಗು ಸಿಕ್ಕಿಸಿ, ಮನೆಯಲ್ಲೇ ಮಾಡಿ ಮುಚ್ಚಿ ತಂದ ಕೋಳಿ ಸುಕ್ಕವನ್ನು ಪಕ್ಕಕ್ಕಿಟ್ಟು, ಹಿಟ್ಟಿನ ದೊಡ್ಡ ಪಾತ್ರೆಯ ಹತ್ತಿರ ಸೌಟು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಫಾದರ್ ಬಿಳಿ ನಿಲುವಂಗಿಯಲ್ಲಿ ಆಶೀರ್ವಾದ ಮಾಡಲು ಮೊದಲು ನಮ್ಮ ಸ್ಟಾಲಿಗೇ ಬಂದರು. ಸ್ಪಿರಿಟಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

"ಇದೆಂತದು ಫೆಲಿಕ್ಸ್?" ಎಂದು ತಾಮ್ರದ ಕೊಳವೆಯ ಕಡೆ ಬಗ್ಗಿದರು.

"ಸುಧಾರಿತ ಬರ್ನರ್, ಫಾದರ್. ಸ್ವಲ್ಪ ಹತ್ತಿರ ಬಂದು ನೋಡಿ!"

ಚಿಂದಿಬಟ್ಟೆ ಹೊತ್ತಿಸಿದೆ. ಪಂಪ್ ಹೊಡೆದೆ. ಸ್ಟವ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಗಾಳಿ ಸಾಲದೆಂದು ಮೈಮೇಲೆ ಬಂದವನಂತೆ ಪಂಪ್ ಹೊಡೆದೆ. ಬುಸ್ಸೆಂದು ಎದ್ದಿತು ನೋಡಿ, ಜ್ವಾಲೆಯಲ್ಲ, ಹೊಗೆ! ಕಡುಕಪ್ಪು, ಜಿಡ್ಡು ಜಿಡ್ಡಾದ ಹೊಗೆ. ನಾನು ಆತುರದಲ್ಲಿ ಗಾಳಿಯ ಸ್ಕ್ರೂ ಬಿಚ್ಚಿದೆ. ಬೆಂಕಿ ಆರಿತು, ಉಳಿದ ಮಸಿಯೆಲ್ಲ ಒಟ್ಟಿಗೇ ಹೊರಗೆ ಬಂತು. ಹೊಗೆ ಕರಗಿದಾಗ ಹೊಸ ಪೇಂಟಿನ ಗೋಡೆ ಕಪ್ಪಾಗಿತ್ತು. ಫಾದರ್ ಅರ್ಧ ಕಪ್ಪಾಗಿದ್ದರು. ನಾನು ಪೂರ್ತಿ ಕಪ್ಪಾಗಿದ್ದೆ. ದೇವರ ದಯೆ, ಲಿಲ್ಲಿ ಹೊಗೆ ಏಳುವ ಮೊದಲೇ ಹಿಟ್ಟಿಗೆ ಮುಚ್ಚಳ ಹಾಕಿದ್ದಳು. ನನ್ನೊಂದಿಗೆ ಇಷ್ಟು ವರ್ಷ ಸಂಸಾರ ಮಾಡಿದ ಅನುಭವ!

ಶೇಸಪ್ಪನಿಗೆ ಫೋನ್ ಮಾಡಿದೆ. "ಎಂತ ಎಣ್ಣೆ ಕೊಟ್ಟದ್ದು ಮಾರಾಯ ನೀನು?"

"ನೀವು ಕೇಳಿದ್ದೇ ಕೊಟ್ಟದ್ದು ಪೊರ್ಬುಗಳೇ. ಎಣ್ಣೆ ಹಾಕಿದ್ದು."

"ಯಾವ ಎಣ್ಣೆ? ಎಲ್ಲಿಗೆ ಹಾಕಿದ್ದು?"

"ಎಂಜಿನ್ ಎಣ್ಣೆ. ಚಿಮಿಣಿ ಎಣ್ಣೆಗೆ ಎಂಜಿನ್ ಎಣ್ಣೆ ಹಾಕಿದ್ದು! ಅದು ಹಾಕದೆ ದೋಣಿಯ ಎಂಜಿನ್ ಓಡ್ತದಾ? ಯಾಕೆ, ನಿಮ್ಮ ದೋಣಿ ಹೊರಡ್ಲಿಲ್ವಾ?"

ನಾನು ಫೋನ್ ಇಟ್ಟೆ. ಪಕ್ಕದ ವಾಳೆಗಳ ಸ್ಟಾಲಿನಲ್ಲಿ ಕಟ್ಲೇಟು, ಪೋಡಿ ಬಿಸಿಬಿಸಿ ಹೋಗುತ್ತಿತ್ತು. ಲಿಲ್ಲಿ ಸೌಟು ಹಿಡಿದೇ ನಿಂತಿದ್ದಳು. ಕಣ್ಣಿನಲ್ಲಿ ನೀರಿತ್ತು, ಹತ್ತಿರದಲ್ಲಿ ಎಲ್ಲೂ ನೀರುಳ್ಳಿ ಇರಲಿಲ್ಲ. ಒಂದು ವಾಷರ್ ಕೇಳಿದ್ದಳು ಪಾಪ, ಅಷ್ಟೆ.

ಅವಳು ಸೆರಗಿನಿಂದ ಕಣ್ಣೊರೆಸಿ ಫಾದರ್ ಕಡೆ ತಿರುಗಿದಳು. "ಫಾದರ್, ಗೋಡೆ ಹಾಳಾಗ್ತದೆ ಅಂತ ಅಲ್ವಾ ನೀವು ಕಟ್ಟಿಗೆ ಒಲೆ ಬೇಡ ಹೇಳಿದ್ದು?"

"ಹೌದು ಲಿಲ್ಲಿಬಾಯಿ."

"ಗೋಡೆ ಹಾಳಾಗಿ ಆಯ್ತಲ್ಲ. ಇನ್ನೆಂತ?"

ಫಾದರ್ ಗೋಡೆ ನೋಡಿದರು, ತಮ್ಮ ನಿಲುವಂಗಿ ನೋಡಿದರು, ನನ್ನನ್ನು ಮಾತ್ರ ನೋಡಲಿಲ್ಲ. "ಹಾಕಿ" ಎಂದರು.

ಮೂರು ಕೆಂಪುಕಲ್ಲು ಬಂತು. ಒಣ ತೆಂಗಿನ ಗರಿ, ತೆಂಗಿನಕಾಯಿಯ ಗೆರಟೆ ಬಂತು. ಗುಂಡಡಿಯ ಕಾವಲಿ ಆ ಕಲ್ಲುಗಳ ಮೇಲೆ ಅಲುಗಾಡದೆ ಕೂತಿತು. ಚೊಂಯ್ ಎಂದು ಮೊದಲ ದೋಸೆ ಎದ್ದಿತು. ಯಾವ ತೂತೂ ಇಲ್ಲದೆ, ಯಾವ ಪಂಪೂ ಇಲ್ಲದೆ!

ಜನ ನಮ್ಮ ಸ್ಟಾಲಿಗೆ ಮುತ್ತತೊಡಗಿದರು. ಅಂಗಳದ ಆಚೆ ತುದಿಯಿಂದಲೂ ಮಕ್ಕಳನ್ನು ಎತ್ತಿಕೊಂಡು ಬಂದರು. ಬಂದವರು ಮೊದಲು ನನ್ನನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರು. ನಕ್ಕು ಸುಸ್ತಾದ ಮೇಲೆ, ಹೇಗೂ ಬಂದಾಯಿತಲ್ಲ ಎಂದು ದೋಸೆ ತಿನ್ನುತ್ತಿದ್ದರು. ಒಂದು ತಿಂದವರು ಇನ್ನೊಂದು ಕೇಳುತ್ತಿದ್ದರು. ಕಟ್ಲೇಟಿನವರು ಸ್ಟಾಲ್ ಬಿಟ್ಟು ನಮ್ಮ ಸಾಲಿನಲ್ಲಿ ನಿಂತರು. ಲಿಲ್ಲಿಯ ಕೈ ಬಿಡುವಿಲ್ಲದೆ ಆಡುತ್ತಿತ್ತು, ಮುಖ ಬೆಂಕಿಯ ಬೆಳಕಿಗೆ ಹೊಳೆಯುತ್ತಿತ್ತು.

ನನಗೂ ಸ್ವಲ್ಪ ಧೈರ್ಯ ಬಂತು. ಹತ್ತಿರ ಹೋಗಿ, "ಲಿಲ್ಲಿ, ದೋಸೆ ತುಂಬ ಚೆನ್ನಾಗಿದೆಯಂತೆ ಎಲ್ಲರಿಗೂ. ನನಗೂ ಯಾವಾಗಲೂ ಹಾಗೆಯೇ ಅನಿಸುತ್ತಿತ್ತು. ನಾನೂ ಮುಖ ತೊಳೆದು ಬಡಿಸಲು ಬರುತ್ತೇನೆ" ಎಂದೆ.

ಅವಳು ದೋಸೆ ಮಡಚುತ್ತ, ತಲೆ ಎತ್ತದೆ ಹೇಳಿದಳು. "ತೊಳಿಬೇಡಿ. ಜನ ಬರ್ತಾ ಇರುವುದೇ ಆ ಮುಖ ನೋಡ್ಲಿಕ್ಕೆ. ಹಿಟ್ಟು ಮುಗಿಯುವ ತನಕ ಹಾಗೆಯೇ ಮುಂದೆ ನಿಂತಿರಿ."

ಪಾತ್ರೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಹಿಟ್ಟಿತ್ತು. ನಿಂತೆ.