ಕೆರೆ ಏರಿಯ ಮೇಲೆ ಪುಸ್ತಕ ಪರೀಕ್ಷೆ

ಪುಸ್ತಕವನ್ನು ಕೂತು ಓದುವವರನ್ನು ನೀವು ನೋಡಿದ್ದೀರಿ. ಮಲಗಿ ಓದುವವರನ್ನೂ, ಓದುತ್ತಲೇ ಮಲಗುವವರನ್ನೂ ನೋಡಿದ್ದೀರಿ. ಆದರೆ ಪುಸ್ತಕವನ್ನು ಬಸ್ಸು ಹತ್ತಿಸಿ ಯಲಹಂಕದಾಚೆಗೆ ಕರೆದೊಯ್ದು, ಹೊಲದ ಬದುವಿನ ಮೇಲೆ ನಡೆಸಿ, ಕೆರೆ ಏರಿಯ ಮೇಲೆ ಓಡಾಡಿಸಿ, ಅದು ಹೇಳುವುದು ನಿಜವೋ ಸುಳ್ಳೋ ಎಂದು ವಿಚಾರಿಸಿಕೊಂಡು ಬರುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡಿದ್ದಾಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರ ಹಿಂದೆ ಬ್ಯಾಟರಿ ಹೊತ್ತುಕೊಂಡು ನಡೆದಿದ್ದೇನೆ. ಹೆಬ್ಬಾಳದ ಕೆರೆ ಅಂದರೆ ಜನಕ್ಕೆ ತಂಗಾಳಿ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಮೊಣಕಾಲು.

ಅವರು ನಮ್ಮ ಕಾಕಾ, ಅಪ್ಪನ ತಮ್ಮ. ಗದಗಿನ ಕಡೆಯಿಂದ ಬಂದು ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ವೈರ್‌ಲೆಸ್ ಪಾಠ ಹೇಳುತ್ತಿದ್ದರು. ನನಗೆ ಆರ್.ಟಿ. ನಗರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಸಂಜಯನಗರದ ಅವರ ಬಾಡಿಗೆ ಮನೆಯಲ್ಲೇ ಇದ್ದೆ. ಊರಿಗೆ ಟೀವಿ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಸಂಜೆಯಾದರೆ ಒಂದಿಷ್ಟು ಹೊತ್ತು ಬಂದು ಹೋಗುತ್ತಿತ್ತು, ನಲ್ಲಿ ನೀರಿನ ಹಾಗೆ.

ಒಂದು ದಿನ ಮದರಾಸಿನ ಪ್ರಕಾಶಕರಿಂದ ದಪ್ಪನೆಯ ಪಾರ್ಸಲ್ ಬಂತು. ಬಿಚ್ಚಿದರೆ ಟೈಪು ಮಾಡಿದ ಹಾಳೆಗಳ ಕಟ್ಟು. ಎಂ.ಇ. ಓದುವ ಹುಡುಗರಿಗೆ ವೈರ್‌ಲೆಸ್ ಸಂಪರ್ಕ ಸಿದ್ಧಾಂತದ ಪಠ್ಯಪುಸ್ತಕ. ಬರೆದವರ ಹೆಸರು ತೆಗೆದುಹಾಕಿದ್ದರು. ಅಚ್ಚು ಹಾಕಲು ಯೋಗ್ಯವೋ ಅಲ್ಲವೋ ತಾವು ತಿಳಿಸಬೇಕು, ಈ ವಿಷಯದ ಮೇಲೆ ನಾವು ಒಂದೇ ಪುಸ್ತಕ ಹೊರತರುವುದು ಎಂದು ಕೇಳಿಕೊಂಡಿದ್ದರು.

ಇದರಲ್ಲಿ ಕಷ್ಟವೇನು ಎನ್ನುತ್ತೀರಾ? ಕಷ್ಟ ಇಷ್ಟೇ. ಅದೇ ವಿಷಯದ ಮೇಲೆ, ಅದೇ ಹುಡುಗರಿಗಾಗಿ, ಕಾಕಾ ತಾವೂ ಒಂದು ಪುಸ್ತಕ ಬರೆಯುತ್ತಿದ್ದರು! ನಾನು ಫ್ರಾಕು ಹಾಕಿಕೊಳ್ಳುತ್ತಿದ್ದ ಕಾಲದಿಂದಲೂ ಬರೆಯುತ್ತಿದ್ದರು. ಒಂದೇ ಅಧ್ಯಾಯ ಬಾಕಿ ಇತ್ತು. ನಾನು ಫ್ರಾಕು ಬಿಟ್ಟು ಲಂಗ ಉಟ್ಟಾಗಲೂ ಒಂದೇ ಬಾಕಿ, ಸೀರೆ ಉಟ್ಟು ಕೆಲಸಕ್ಕೆ ಸೇರಿದಾಗಲೂ ಅದೊಂದೇ ಬಾಕಿ. ಆ ಪುಸ್ತಕದ ಚಿತ್ರಗಳೆಲ್ಲ ಅವರ ಹೆಂಡತಿ, ನಮ್ಮ ಕಾಕುವಿನ ಕೈಯವು. ಕಾಕು ಓದಿದ್ದು ಮೆಟ್ರಿಕ್ಕಿನವರೆಗೆ. ಆದರೆ ಅವರು ಟ್ರೇಸಿಂಗ್ ಕಾಗದದ ಮೇಲೆ ಕಪ್ಪು ಇಂಕಿನಲ್ಲಿ ಎಳೆದ ಅಲೆಗಳನ್ನು ನೋಡಿದರೆ ಕೈ ಮುಗಿಯಬೇಕು. ಒಂದು ಟ್ರಂಕು ತುಂಬ ಇದ್ದವು. ಕಾಕಾ ಈಗ ಪ್ರಕಾಶಕರಿಗೆ "ಯೋಗ್ಯ" ಎಂದು ಬರೆದರೆ ಆ ಟ್ರಂಕು ಅಟ್ಟಕ್ಕೆ. "ಅಯೋಗ್ಯ" ಎಂದರೆ ದಾರಿ ಸಲೀಸು.

"ಚಲೋ ಇಲ್ಲ ಅಂತ ಬರದ ಒಗೀರಿ," ಎಂದರು ಕಾಕು, ಪಾರ್ಸಲಿನ ದಾರವನ್ನು ಜೋಪಾನವಾಗಿ ಸುತ್ತಿಡುತ್ತ.

"ಓದದ ಹೆಂಗ ಬರೀಲೇ?"

"ಓದಿ ಬರೀರಿ."

"ಓದಿದ ಮ್ಯಾಲೆ ಚಲೋ ಅದ ಅಂತ ಅನಿಸಿದ್ರ?"

"ಅದಕ್ಕ ಹೇಳಿದ್ದು, ಓದಬ್ಯಾಡ್ರಿ ಅಂತ."

ಕಾಕಾ ಓದಿದರು. ಎರಡು ತಿಂಗಳು ಓದಿದರು. ಆ ದಿನಗಳಲ್ಲಿ ಅವರು ಮೌಲ್ಯಮಾಪನ ಮಾಡದ ವಸ್ತು ಮನೆಯಲ್ಲಿ ಉಳಿದಿರಲಿಲ್ಲ. "ಉಪ್ಪಿಟ್ಟು ಹೆಂಗಾಗೇದ್ರಿ?" ಎಂದು ಕಾಕು ಕೇಳಿದರೆ, "ತಳಪಾಯ ಗಟ್ಟಿ ಅದ. ವಿವರಣೆ ಸ್ವಲ್ಪ ಒಣಾ ಆತು" ಎನ್ನುತ್ತಿದ್ದರು. ಕಾಕು ತಟ್ಟೆ ಎಳೆದುಕೊಂಡು, "ಹಂಗಾರ ಮದರಾಸಿಗೆ ಕಳಸ್ತೀನಿ, ಅವರ ತಿನ್ನಲಿ" ಎಂದರು. ನನಗೋ ಶಾಲೆಯಲ್ಲಿ ಮಕ್ಕಳ ಉತ್ತರಪತ್ರಿಕೆಗಳ ರಾಶಿ, ಮನೆಗೆ ಬಂದರೆ ಈ ರಾಶಿ. ಬಂದು ಚಪ್ಪಲಿ ಬಿಡುವುದರೊಳಗೆ, "ಬಂದ್ಯಾ? ಬಾ, ಮೂರನೇ ಅಧ್ಯಾಯ ಹೊರಗ ನೋಡೂದದ" ಎನ್ನುತ್ತಿದ್ದರು.

ಏಕೆಂದರೆ ಕಾಕಾ ಅವರದೊಂದು ನಿಯಮ. ಕಾಗದದ ಮೇಲೆ ಎಲ್ಲರೂ ಶಾಣ್ಯಾರೇ, ಜಾಣರೇ; ಸಿದ್ಧಾಂತ ಅಂದಮೇಲೆ ಅದನ್ನು ಕಾಲಲ್ಲಿ ನಡೆದು ನೋಡಬೇಕು. ಅದಕ್ಕಾಗಿ ಅವರೇ ಒಂದು ಪೆಟ್ಟಿಗೆ ಮಾಡಿದ್ದರು. ಟೀವಿಯ ಅಲೆ ಎಷ್ಟು ಜೋರಾಗಿ ಬರುತ್ತಿದೆ ಎಂದು ಅದರ ಮುಳ್ಳು ತೋರಿಸುತ್ತಿತ್ತು. ಆಂಟೆನಾ ಎಂದರೆ ಹಳೆಯ ಕೊಡೆಯ ಎರಡು ಕಡ್ಡಿ. ಮೇಲೆ ಹಿಡಿಕೆ, ಹಿಡಿಕೆಗೊಂದು ಕೊಕ್ಕೆ. ಪೆಟ್ಟಿಗೆ ಅವರ ಕೈಯಲ್ಲಿ, ಬ್ಯಾಟರಿ ನನ್ನ ಹೆಗಲಲ್ಲಿ, ಮಧ್ಯೆ ಒಂದು ವೈರು. ಹಸುವನ್ನು ಹಗ್ಗ ಹಿಡಿದು ಎಳೆದುಕೊಂಡು ಹೋದ ಹಾಗೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು.

ಆಂಟೆನಾ ಅಧ್ಯಾಯವನ್ನು ಮಾತ್ರ ಮನೆಯ ತಾರಸಿಯ ಮೇಲೇ ಪರೀಕ್ಷಿಸಿದರು. ಬಟ್ಟೆ ಒಣಹಾಕುವ ತಂತಿಗಳ ಜೊತೆ ಇನ್ನಷ್ಟು ತಂತಿ ಕಟ್ಟಿ ಒಂದು ಪಂಜರವನ್ನೇ ಎಬ್ಬಿಸಿದರು. ಅದು ಪಕ್ಕದ ಮನೆಯ ಆಂಟೆನಾದ ಮೂಗಿಗೆ ಅಡ್ಡವಾಗಿತ್ತು. ನಮ್ಮ ಬೀದಿಗೆಲ್ಲ ಅದೊಂದೇ ಟೀವಿ. ಅವತ್ತು ಭಾನುವಾರ, ಸಂಜೆಯ ಹಿಂದಿ ಸಿನಿಮಾ. ಪಕ್ಕದ ಮನೆಯವರು ಯಶವಂತಪುರದ ಕಡೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು, ಬಹಳ ಮರ್ಯಾದಸ್ಥರು. ಅಂಥವರು ಬನಿಯನ್ನಿನಲ್ಲೇ ಓಡಿಬಂದರು.

"ಏನ್ ಸಾರ್ ಇದು, ಇಷ್ಟೊತ್ತು ಚೆನ್ನಾಗೇ ಬರ್ತಿತ್ತು. ಹೀರೋಯಿನ್‌ಗೆ ಏನೋ ದೊಡ್ಡ ಕಾಯಿಲೆ ಅಂತ ಡಾಕ್ಟ್ರು ಹೇಳ್ತಿದ್ರು. ಅಷ್ಟರಲ್ಲಿ ಅಕ್ಕಿ ಚೆಲ್ಲಿದಂಗೆ ಬರ್ತಿದೆ. ಮನೇಲಿ ಇಪ್ಪತ್ತು ಜನ ಕೂತಿದಾರೆ ಕಣ್ರೀ."

"ಅಕ್ಕಿ ಬರಬೇಕರೀ!" ಎಂದು ಕಾಕಾ ಸಂತೋಷಪಟ್ಟರು. "ಪುಸ್ತಕದಾಗ ಹಂಗ ಬರದದ. ತಡೀರಿ, ತಂತಿ ಒಂದ ಮೊಳ ಸರಸ್ತೀನಿ."

ಒಂದು ಮೊಳ ಸರಿಸಿದರು, ಎರಡು ಮೊಳ ಸರಿಸಿದರು, ಪುಟ ತಿರುವಿ ನೋಡಿ ಮತ್ತೆ ಹಿಂದಕ್ಕೆ ಸರಿಸಿದರು. ಕಡೆಗೆ ತಾರಸಿಯ ಅಂಚಿಗೆ ಬಗ್ಗಿ, "ಬಂತೇನ್ರಿ?" ಎಂದು ಕೂಗಿದರು. ಕಿಟಕಿಯಿಂದ ಸೋತ ದನಿಯೊಂದು ಕೇಳಿಸಿತು: "ಬಂತು ಸಾರ್. ಆದ್ರೆ ಹೀರೋಯಿನ್ ಹೋದ್ಲು."

ಆ ಅಧ್ಯಾಯ ಪಾಸಾಯಿತು. ಪಕ್ಕದ ಮನೆಯವರು ನಮ್ಮ ಕಡೆ ನೋಡಿ ನಗುವುದನ್ನು ಕೆಲವು ದಿನ ನಿಲ್ಲಿಸಿದರು.

ಮುಂದಿನ ಅಧ್ಯಾಯಕ್ಕೆ ಬಯಲು ಬೇಕಾಗಿತ್ತು. ಬಸ್ಸು ಹಿಡಿದು ಹುಣಸಮಾರನಹಳ್ಳಿಗೆ ಹೋದೆವು. ರಾಗಿ ಹೊಲದ ಬದುವಿನ ಮೇಲೆ ಕಾಕಾ ಮುಂದೆ, ಹಗ್ಗದ ತುದಿಯಲ್ಲಿ ನಾನು ಹಿಂದೆ. ಇನ್ನೇನು ಮುಗಿಯಿತು ಅನ್ನುವಾಗ ಹೊಲದ ಯಜಮಾನರು ಅಡ್ಡ ಬಂದು ನಿಂತರು.

"ಏನ್ ಸೋಮಿ, ಇಂಗೆ ಒಲದಾಗೆ ಓಡಾಡ್ತಿದೀರಲ್ಲ?"

"ಅಳತಿ ಮಾಡಾಕ ಬಂದೀವ್ರಿ," ಎಂದರು ಕಾಕಾ. ಅಳತೆ ಎಂಬ ಮಾತನ್ನು ಹೊಲದ ನಡುವೆ ನಿಂತು ಆಡುತ್ತಾರೆಯೇ? ಯಜಮಾನರ ಮುಖ ಸಣ್ಣದಾಯಿತು.

"ರೋಡ್ ಬತ್ತದಾ ಸೋಮಿ ಇಲ್ಲಿ?"

"ರೋಡ್ ಅಲ್ರಿ."

"ಕರೆಂಟ್ ಕಂಬನಾ?"

"ಕಂಬಾನೂ ಇಲ್ರಿ, ತಂತೀನೂ ಇಲ್ಲ. ಗಾಳ್ಯಾಗ ಹೋಗೂದು ಅದು."

ಯಜಮಾನರು ಪೆಟ್ಟಿಗೆಯನ್ನು ನೋಡಿದರು, ಕೊಡೆ ಕಡ್ಡಿ ನೋಡಿದರು, ನನ್ನ ಮುಖವನ್ನೂ ನೋಡಿದರು. ನನ್ನ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು. "ರೋಡಿಲ್ಲ, ಕಂಬ ಇಲ್ಲ, ತಂತಿ ಇಲ್ಲ. ಅಂಗಾರೆ ನಮ್ ಒಲದ್ ಮೇಲೇ ಓಗ್ಲಿ ಬುಡಿ ಸೋಮಿ. ಆ ಎಣ್ಮಗು ಸುಸ್ತಾಗದೆ, ಬನ್ನಿ ಮಜ್ಜಿಗೆ ಕುಡ್ಕೊಂಡೋಗಿ," ಎಂದರು.

ಆ ಅಧ್ಯಾಯವೂ ಪಾಸು. ಬಸ್ಸಿನಲ್ಲಿ ಬರುವಾಗ ಕಾಕಾ ಒಬ್ಬರಲ್ಲ, ಇಬ್ಬರು. ಪುಸ್ತಕ ಸರಿಯಿದೆ ಎಂದು ಮೇಷ್ಟರಿಗೆ ಖುಷಿ, ಸರಿಯಿದೆಯಲ್ಲಾ ಎಂದು ಪುಸ್ತಕ ಬರೆಯುವವರಿಗೆ ಸಂಕಟ. ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಮನೆಯಲ್ಲಿ ಕಾಕು ಬಾಗಿಲಲ್ಲೇ ಕಾಯುತ್ತಿದ್ದರು. "ಸಿಕ್ತೇನ್ರಿ ತಪ್ಪು?" ಎಂದರು. ಕಾಕಾ ಇಲ್ಲವೆಂದು ತಲೆಯಾಡಿಸಿದರು. ಕಾಕು ಒಳಗೆ ಹೋಗಿ ಚಹಾಕ್ಕೆ ಇಟ್ಟರು.

ಇನ್ನು ಉಳಿದಿದ್ದು ಒಂದೇ ಅಧ್ಯಾಯ. ನಡೆಯುತ್ತ ಹೋದಂತೆ ಅಲೆ ಯಾಕೆ ಒಮ್ಮೆ ಗಟ್ಟಿಯಾಗಿ ಒಮ್ಮೆ ಸಣ್ಣಗಾಗುತ್ತದೆ ಎನ್ನುವುದು ಅದರ ವಿಷಯ. ಅದೇ ನೋಡಿ, ಕಾಕಾ ಇಷ್ಟು ವರ್ಷ ಬರೆಯಲಾರದೆ ಉಳಿಸಿಕೊಂಡಿದ್ದ ಅಧ್ಯಾಯ. ಒಂದೆರಡು ಹೆಜ್ಜೆ ಇಡುವುದರೊಳಗೆ ಮುಳ್ಳು ಮೇಲೇರಿ ಕೆಳಗಿಳಿದು ಕುಣಿಯಬೇಕು ಎಂದು ಪುಸ್ತಕ ಹೇಳುತ್ತಿತ್ತು. ಹೆಬ್ಬಾಳದ ಕೆರೆ ಏರಿಯ ಮೇಲೆ ಹೋದೆವು. ಕಾಕು ಚಪಾತಿ, ಪಲ್ಯ, ಶೇಂಗಾ ಚಟ್ನಿ ತುಂಬಿದ ದೊಡ್ಡ ಸ್ಟೀಲಿನ ಬುತ್ತಿ ಡಬ್ಬಿ ಕೊಟ್ಟಿದ್ದರು. ಆ ತುದಿಯಿಂದ ಈ ತುದಿಗೆ ನಡೆದೆವು. ಮುಳ್ಳು ಕುಣಿಯಲಿಲ್ಲ. ಅಲ್ಲಾಡಲೂ ಇಲ್ಲ. ತಳದಲ್ಲಿ ಮಲಗಿತ್ತು.

ಕಾಕಾ ನಿಂತರು. ಪುಟ ತೆಗೆದು ನೋಡಿದರು. ಮತ್ತೆ ನಡೆದರು. ಆಮೇಲೆ ಬಹಳ ಮೆಲ್ಲಗೆ, "ತಪ್ಪ ಅದ," ಎಂದರು.

ಅವತ್ತು ನನಗೆ ಸುಟ್ಟ ಜೋಳ ಕೊಡಿಸಿದರು. ದಾರಿಯುದ್ದಕ್ಕೂ ತಮ್ಮ ಪುಸ್ತಕದ ಮುನ್ನುಡಿ ಹೇಳುತ್ತ ಬಂದರು. ಸುದ್ದಿ ಕೇಳಿ ಕಾಕು ನಮ್ಮ ಕಡೆಯ ಹಬ್ಬದ ಸಿಹಿ ಮಾದಲಿ ಮಾಡಲು ಬೆಲ್ಲ ಕುಟ್ಟಿದರು. ಟ್ರಂಕಿನ ಧೂಳು ಒರೆಸಿದರು. ನನಗಂತೂ ಇನ್ನು ಬ್ಯಾಟರಿ ಹೊರುವುದು ತಪ್ಪಿತು ಎಂದು ಜೀವ ಹಗುರಾಯಿತು. ಆದರೆ ಮರುದಿನ ಸಂಜೆ ಕಾಕಾ ಮತ್ತೆ ಪೆಟ್ಟಿಗೆ ಎತ್ತಿಕೊಂಡರು!

"ತಪ್ಪು ಸಿಕ್ಕತಲ್ಲ, ಮತ್ಯಾಕ ಹೊಂಟ್ರಿ?" ಎಂದರು ಕಾಕು.

"ಒಬ್ಬ ಮನಷ್ಯಾನ ಪುಸ್ತಕ ಅದು. ಒಂದ ಸಲ ನೋಡಿ ಫೇಲ್ ಮಾಡಾಕ ಬರೂದಿಲ್ಲ."

ಕಾಕು ಮತ್ತೆ ಬುತ್ತಿ ಕಟ್ಟಿದರು. ಅವತ್ತು ನನಗೆ ಶಾಲೆಯಲ್ಲಿ ಊಟ ಮಾಡಲೂ ಪುರಸೊತ್ತು ಸಿಕ್ಕಿರಲಿಲ್ಲ. ಮೊದಲು ಊಟ, ಆಮೇಲೆ ಸಿದ್ಧಾಂತ ಎಂದು ಏರಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ತಿಂದು, ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡು ಎದ್ದೆವು. ನಾಲ್ಕು ಹೆಜ್ಜೆ ನಡೆದಿರಲಿಲ್ಲ, ಮುಳ್ಳು ಕುಣಿಯತೊಡಗಿತು. ಮೇಲೆ, ಕೆಳಗೆ, ಮತ್ತೆ ಮೇಲೆ. ಪುಸ್ತಕದಲ್ಲಿ ಹೇಳಿದ ಹಾಗೇ!

ಕಾಕಾ ನನ್ನ ಚೀಲದಿಂದ ಖಾಲಿ ಡಬ್ಬಿ ತೆಗೆದು ಪೆಟ್ಟಿಗೆಯ ಕೊಕ್ಕೆಗೆ ನೇತುಹಾಕಿದರು. ಹಿಂದಿನ ದಿನ ಕೈ ಸೋತು ಅವರೇ ಅಲ್ಲಿಗೆ ನೇತುಹಾಕಿದ್ದರು, ಕೊಡೆ ಕಡ್ಡಿಗೆ ತಾಗಿಕೊಂಡ ಹಾಗೆ. ಮುಳ್ಳು ಮಲಗಿತು. ಡಬ್ಬಿ ತೆಗೆದರು, ಎದ್ದಿತು. ಮತ್ತೆ ಹಾಕಿದರು, ಮಲಗಿತು. ಪುಸ್ತಕ ಬರೆದವರು ಎಲ್ಲವನ್ನೂ ಲೆಕ್ಕ ಹಿಡಿದಿದ್ದರು, ನಮ್ಮ ಕಾಕುವಿನ ಬುತ್ತಿಯೊಂದನ್ನು ಬಿಟ್ಟು.

"ಕಾಕಾ," ಎಂದೆ, "ನಿನ್ನಿ ಕಂಡಿದ್ದನ್ನ ಬರದ ಕಳಸ್ರಿ. ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾತಲ್ಲವಾ," ಎಂದು ಕಾಕಾ ಕಲ್ಲಿನ ಮೇಲೆ ಕೂತರು. ಆ ಪುಟವನ್ನು ಮತ್ತೊಮ್ಮೆ ತೆಗೆದು ನೋಡಿದರು. "ಯಾರೋ ಏನೋ. ನಾ ಇಷ್ಟ ವರ್ಷ ತಡವರಿಸಿದ್ದನ್ನ ಒಂದ ಪುಟದಾಗ ಹೇಳ್ಯಾನ. ನಮ್ಮ ಹುಡುಗರಿಗೆ ಇದು ಮೊದಲ ಸಿಕ್ಕಿದ್ರ ಎಷ್ಟ ಚಲೋ ಇತ್ತು." ನನಗೆ ಬೇಸರ, ದಣಿವು ಎಲ್ಲ ಮರೆತೇಹೋಯಿತು. ಪೆಟ್ಟಿಗೆಯನ್ನೂ ನಾನೇ ಹೊತ್ತುಕೊಂಡು ಬಂದೆ.

ಕಾಕು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು, ಉಳಿದ ಆ ಅಧ್ಯಾಯಕ್ಕೆ ಚೌಕಟ್ಟು ಎಳೆಯುತ್ತಿದ್ದರು. ಕಾಕಾ ಡಬ್ಬಿಯ ಕಥೆ ಹೇಳಿದರು. ಆಮೇಲೆ ಅಲ್ಲೇ ಕೂತು, ಪ್ರಕಾಶಕರಿಗೆ ಉತ್ತರ ಬರೆದು, ಅದನ್ನು ಕನ್ನಡದಲ್ಲಿ ಓದಿ ಹೇಳಿದರು. ಪುಸ್ತಕ ಬಹಳ ಚೆನ್ನಾಗಿದೆ, ತಡಮಾಡದೆ ಅಚ್ಚು ಹಾಕಿರಿ, ಇಷ್ಟೇ ಇತ್ತು. ಓದಿ ಮುಗಿಸಿ ಹೆಂಡತಿಯ ಮುಖ ನೋಡಲಾರದೆ ಟ್ರಂಕಿನ ಕಡೆ ನೋಡಿದರು.

"ನಿನ್ನ ಚಿತ್ರಾ ಎಲ್ಲಾ ದಂಡ ಮಾಡಿದೆ. ಇಷ್ಟ ವರ್ಷ ಕಣ್ಣ ಕೆಡಿಸ್ಕೊಂಡಿ. ನಂದ ತಪ್ಪಾತು."

ಕಾಕು ಪೆನ್ನಿನ ಮೊನೆಯನ್ನು ಬಟ್ಟೆಗೆ ಒರೆಸಿದರು.

"ನಾ ಏನ ಪುಸ್ತಕಕ್ಕಂತ ತಗದೀನೇನ್ರಿ?" ಎಂದರು. "ಇದ ಕೆಲಸ ಇದ್ರ ನೀವು ದಿನಾ ಸಂಜೀಕೆ ಇಲ್ಲೆ ನನ್ನ ಎದುರಿಗೆ ಕೂಡತಿದ್ರಿ. ಅದಕ್ಕ ತಗದೆ."

ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಕಾಕು ಮಾತ್ರ ಹೊಸ ಕಾಗದವೊಂದನ್ನು ಎಳೆದು ನಾಲ್ಕು ಮೂಲೆಗೂ ಪಿನ್ನು ಚುಚ್ಚಿದರು.

"ಕೂಡ್ರಿ. ಉಳದಿದ್ದೊಂದು ಅಧ್ಯಾಯ ಮುಗಸೂಣು. ಈ ಅಲಿ ಎಲ್ಲಿಂದ ಏಳಬೇಕು, ತೋರಸ್ರಿ."

ಕಾಕಾ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತರು.